ಒಡವೆಯ ಅಂಟು ಮತ್ತು ಕೊಂಡಿ

ಎಳ್ಳ ಅಮಾವಾಸ್ಯೆಯ ದಿನ ನವಲಗುಂದ, ಅಣ್ಣಿಗೇರಿ ಸೀಮೆಯ ಒಕ್ಕಲು ಮನೆತನದ ಹೆಣ್ಣುಮಕ್ಕಳು ಪೆಟ್ಟಿಗೆಯ ತಳದಲ್ಲಿದ್ದ ಒಡವೆಗಳನ್ನೆಲ್ಲ ತೆಗೆದು ಧರಿಸಿಕೊಂಡು, ಚರಗ ಚೆಲ್ಲಲು ಹೊಲಕ್ಕೆ ಹೋಗುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಮೊದಲು ಚಕ್ಕಡಿಯಲ್ಲಿ ಹೋಗುತ್ತಿದ್ದವರು ಈಗ ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ಕುಲುಕಾಟ ಮಾತ್ರ ಕಡಿಮೆಯಾಗಿಲ್ಲ. ಆ ಹೊತ್ತಿಗೆ ಎರೆಭೂಮಿಯು ತೇವವಾರಿ ಬಿರಿಯತೊಡಗಿರುತ್ತದೆ. ಜೋಳದ ಸಾಲುಗಳ ನಡುವಿನ ಆ ಬಿರುಕಿನಲ್ಲಿ ಒಂದು ಜುಮಕಿ ಜಾರಿ ಬಿದ್ದರೆ ಅದು ಮತ್ತೆ ಕೈಗೆ ಬರುವ ಆಸೆ ಬಹಳ ಕಡಿಮೆ. ಕಿವಿ ಬರಿದಾದದ್ದು ಗೊತ್ತಾಗುವುದು ಹೆಚ್ಚಾಗಿ ಮನೆಗೆ ಮರಳಿದ ಮೇಲೆಯೇ. ‘ಬಂಗಾರ ಕಳೆಯಿತು’ ಎಂದು ಮನೆಮಂದಿ ಮರುಗುತ್ತಾರೆ. ವಿಚಾರಿಸಿ ನೋಡಿದರೆ, ಬಂಗಾರದಲ್ಲಿ ಯಾವ ದೋಷವೂ ಇರಲಿಲ್ಲ. ಗುಂಜಿ ತೂಕದ ಒಂದು ತಿರುಪು ಸಡಿಲಾಗಿತ್ತು, ಅಷ್ಟೇ.

ಮಳೆಯನ್ನೇ ನೆಚ್ಚಿಕೊಂಡ ಈ ಪ್ರದೇಶದಲ್ಲಿ ಒಡವೆಯೆಂಬುದು ಅಲಂಕಾರ ಮಾತ್ರವಲ್ಲ. ಬಿತ್ತನೆಯ ಬೀಜ, ಮಗನ ಶಾಲೆಯ ಶುಲ್ಕ, ಮಗಳ ಮದುವೆ, ಬರಗಾಲದ ಒಂದು ವರ್ಷ, ಇವೆಲ್ಲವನ್ನೂ ಅದು ಹೊತ್ತು ದಾಟಿಸಬೇಕಾಗುತ್ತದೆ. ಆದ್ದರಿಂದ ಅದರ ಕುಸುರಿಯ ಅಂದಚೆಂದಗಳನ್ನು ನೋಡುವಷ್ಟೇ ಆಸ್ಥೆಯಿಂದ ಅದು ಯಾವುದರಿಂದ ಅಂಟಿಕೊಂಡಿದೆ, ಯಾವುದರಿಂದ ತೂಗಿಕೊಂಡಿದೆ ಎಂಬುದನ್ನೂ ನೋಡುವುದು ಯುಕ್ತ.

ಯಾವುದೇ ಒಡವೆಯಲ್ಲಿ ಎರಡು ಬಗೆಯ ಹಿಡಿತಗಳಿರುತ್ತವೆ. ಹರಳನ್ನು ಅದರ ಕುಳಿಯಲ್ಲಿ ಅಲುಗದಂತೆ ಕೂಡಿಸುವುದು ಒಂದು. ಇಡೀ ಒಡವೆಯ ಭಾರವನ್ನು ಕಿವಿ, ಕೊರಳು, ಕೈಗಳಿಗೆ ತೂಗಹಾಕುವುದು ಇನ್ನೊಂದು. ಮೊದಲನೆಯದು ಅಂಟಿನ ಕೆಲಸ. ಎರಡನೆಯದು ಲೋಹದ ಅಥವಾ ದಾರದ ಕೆಲಸ. ಕೈಕೆಲಸದ ಒಡವೆಗಳು ಕೆಡುವ ಸಂದರ್ಭಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹುಪಾಲು ಲೋಹ ಹೊರಬೇಕಾದ ಭಾರವನ್ನು ಅಂಟಿನ ಮೇಲೆ ಹೇರಿದ್ದರಿಂದಲೇ ಆದವುಗಳೆಂದು ಕಂಡುಬರುತ್ತದೆ. ಹಳೆಯ ಪತ್ತಾರರು ಈ ವ್ಯತ್ಯಾಸವನ್ನು ಗ್ರಂಥ ಓದದೆಯೇ ಚೆನ್ನಾಗಿ ಅರಿತಿದ್ದರು.

ಅವರ ಮುಖ್ಯ ಅಂಟು ಅರಗು. ಮುತ್ತುಗ, ಬಾರೆ, ಸಾಗಡೆ ಮೊದಲಾದ ಗಿಡಗಳ ಎಳೆಯ ಕೊಂಬೆಗಳ ಮೇಲೆ ನೆಲೆಸುವ ಒಂದು ಅತಿಸೂಕ್ಷ್ಮ ಕೀಟವು ತನ್ನ ಮೈಯ ಸುತ್ತ ಸ್ರವಿಸಿಕೊಳ್ಳುವ ರಾಳವೇ ಇದು. ಜಾರ್ಖಂಡ, ಛತ್ತೀಸಗಡಗಳ ಅರಣ್ಯಗಳಲ್ಲಿ ಇದರ ಬೆಳೆ ಹೆಚ್ಚು. ಇದರ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ಹತ್ತಿರ ನಾಮಕುಮ್‌ನಲ್ಲಿ ಒಂದು ಸಂಸ್ಥೆ ಆರಂಭವಾಯಿತು. ನಮ್ಮ ಕಲಘಟಗಿಯ ತೊಟ್ಟಿಲುಗಳಿಗೆ ಹೊಳಪು ಕೊಡುವುದೂ ಚನ್ನಪಟ್ಟಣದ ಆಟಿಕೆಗಳಿಗೆ ಬಣ್ಣ ಹಿಡಿಸುವುದೂ ಇದೇ ಅರಗು. ಒಡವೆಯಲ್ಲಿ ಅದರ ಕಾರ್ಯ ಬೇರೆ. ಬೋರಮಾಳದ ಗುಂಡನ್ನು ನೋಡಿ: ಕಾಗದದಷ್ಟು ತೆಳುವಾದ ಬಂಗಾರದ ತಗಡನ್ನು ಎರಡು ಅರೆಗೋಳಗಳಾಗಿ ಬಡಿದು, ಬೆಸೆದು, ಒಳಗಿನ ಪೊಳ್ಳಿಗೆ ಕಾಯಿಸಿದ ಅರಗನ್ನು ತುಂಬುತ್ತಾರೆ. ಅರಗಿಗೆ ಇಟ್ಟಿಗೆಯ ಸಣ್ಣ ಪುಡಿ ಬೆರೆಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ತಗಡಿಗೆ ಒಳಗಿನಿಂದ ಆಸರೆ ದೊರೆಯುವುದರಿಂದ ಗುಂಡು ಸುಲಭವಾಗಿ ತಗ್ಗು ಬೀಳದು. ಬೋರೆಹಣ್ಣಿನ ಆಕಾರದಿಂದ ಹೆಸರು ಪಡೆದ ಗುಂಡಿನೊಳಗೆ ಬೋರೆಗಿಡದ ಮೇಲೆ ಬದುಕುವ ಹುಳುವಿನ ರಾಳ ತುಂಬಿರುವುದೊಂದು ಸೋಜಿಗವೇ ಸರಿ.

ಅರಗಿನ ಗುಣವೇ ಅದರ ದೋಷವೂ ಹೌದು. ಸುಮಾರು 65 ರಿಂದ 70 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದು ಮೆತ್ತಗಾಗುತ್ತದೆ. ಆದ್ದರಿಂದಲೇ ಪತ್ತಾರನ ಇದ್ದಿಲ ಕೆಂಡಕ್ಕೆ ಅದು ಅಷ್ಟು ಸುಲಭವಾಗಿ ಒಲಿಯುತ್ತದೆ. ಆದರೆ ಬಂಗಾರವನ್ನು ತೊಳೆಯಲು ಅಂಟವಾಳದ ನೀರಿನಲ್ಲಿ ಕುದಿಸುವ ಗೃಹಿಣಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಕುದಿಯುವ ನೀರಿಗೆ ಬಿದ್ದ ಅರಗಿನ ಒಡವೆಯಿಂದ ಅರಗು ಕರಗಿ ಜಿನುಗುತ್ತದೆ, ಹರಳಿನ ಕೆಳಗಿನ ಹೊಳಪಿನ ರೇಕು ಕಪ್ಪಾಗುತ್ತದೆ, ಹರಳು ಕಣ್ಣು ಕಳೆದುಕೊಳ್ಳುತ್ತದೆ. ಇಂಥವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಅರಿವೆಯಿಂದ ಒರೆಸಿದರೆ ಸಾಕು. ಅರಗು ನೀರಿಗೆ ಕರಗದಿದ್ದರೂ ಸ್ಪಿರಿಟ್ಟಿಗೆ ಕರಗುತ್ತದೆ. 2020ರ ಸಾಂಕ್ರಾಮಿಕದ ತರುವಾಯ ಮನೆಮನೆಗೂ ಬಂದ ಸ್ಯಾನಿಟೈಸರ್ ಮದ್ಯಸಾರದ್ದೇ ಆಗಿರುವುದರಿಂದ, ಅರಗಿನಲ್ಲಿ ಹರಳು ಕೂಡಿಸಿದ ಉಂಗುರವನ್ನು ತೆಗೆದಿಟ್ಟು ಅದನ್ನು ಹಚ್ಚಿಕೊಳ್ಳುವುದು ಲೇಸು. ಪಾಂಡವರ ಕಾಲದಿಂದಲೂ ಬೆಂಕಿಗೂ ಅರಗಿಗೂ ಸರಿಬಂದಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮದ್ಯಸಾರದ ವೈರ ಅಷ್ಟೊಂದು ಪ್ರಸಿದ್ಧವಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಅರಗು ತುಂಬಿದ ಒಡವೆಯನ್ನು ಒತ್ತೆಯಿಡುವಾಗ ಅಥವಾ ಮಾರುವಾಗ ಅರಗಿನ ತೂಕವನ್ನು ಕಳೆದೇ ಬಂಗಾರದ ತೂಕ ಹಿಡಿಯುತ್ತಾರೆ. ಎಷ್ಟು ಕಳೆಯಬೇಕೆಂಬುದರ ಮೇಲೆ ಮನಸ್ತಾಪಗಳೇಳುವುದು ಅಪರೂಪವಲ್ಲ. ಒಡವೆ ಮಾಡಿಸುವಾಗಲೇ ಅರಗು ತುಂಬುವ ಮೊದಲಿನ ತೂಕವನ್ನೂ ತುಂಬಿದ ನಂತರದ ತೂಕವನ್ನೂ ಚೀಟಿಯಲ್ಲಿ ಬರೆಯಿಸಿಟ್ಟುಕೊಂಡ ಮನೆತನಗಳಿಗೆ ಈ ತೊಂದರೆಯಿಲ್ಲ. ಅಲ್ಲದೆ, ಅಂಥ ಒಡವೆ ಮುರಿದಾಗ ಅರಗನ್ನು ಪೂರ್ತಿ ತೆಗೆಯದೆ ಬೆಸುಗೆ ಹಾಕಲು ಬರುವುದಿಲ್ಲ. ಉರಿ ತಾಗಿದೊಡನೆ ಅರಗು ಹೊತ್ತಿ ತಗಡು ಕೆಡುತ್ತದೆ. ದುರಸ್ತಿಯ ಕೂಲಿ ಹೆಚ್ಚಾಗುವುದಕ್ಕೆ ಇದೇ ಕಾರಣ.

ಬೆಸುಗೆಯ ವಿಷಯ ಸಂಕ್ಷೇಪವಾಗಿ ಹೇಳಬಹುದು. ಬಂಗಾರವು 1064 ಡಿಗ್ರಿಗೆ ಕರಗುವುದರಿಂದ, ಅದಕ್ಕಿಂತ ಕಡಿಮೆ ಕಾವಿನಲ್ಲಿ ಕರಗುವ ಮಿಶ್ರಲೋಹವನ್ನು ಬಿಳಿಗಾರದ ಜೊತೆ ಸಂದಿಗೆ ಇಟ್ಟು ಊದುಗೊಳವೆಯಿಂದ ಉರಿ ಕೊಡುತ್ತಾರೆ. ಬಿಳಿಗಾರವು ಲೋಹದ ಮೈಯನ್ನು ಶುದ್ಧವಾಗಿಟ್ಟು ಬೆಸುಗೆ ಹರಿಯಲು ದಾರಿ ಮಾಡಿಕೊಡುತ್ತದೆ. ಹಿಂದೆ ಬೆಳ್ಳಿ, ತಾಮ್ರ ಬೆರೆಸಿದ ಬಂಗಾರವೇ ಬೆಸುಗೆಯಾಗಿತ್ತು. ಬಳಿಕ ಕ್ಯಾಡ್ಮಿಯಮ್ ಬೆರೆಸಿದ ಬೆಸುಗೆ ಬಳಕೆಗೆ ಬಂದು ‘ಕೆಡಿಎಂ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕ್ಯಾಡ್ಮಿಯಮ್ 321 ಡಿಗ್ರಿಗೆ ಕರಗಿ 767 ಡಿಗ್ರಿಗೆ ಕುದಿಯುತ್ತದೆ. ಬೆಸೆಯುವಾಗ ಏಳುವ ಅದರ ಹೊಗೆ ಶ್ವಾಸಕೋಶ, ಮೂತ್ರಪಿಂಡಗಳಿಗೆ ವಿಷ. ಧರಿಸುವವರಿಗಿಂತ ಮಾಡುವವರಿಗೇ ಅದು ಕೇಡು ಮಾಡುತ್ತಿತ್ತೆಂಬುದನ್ನು ಕೊಳ್ಳುವವರು ಯೋಚಿಸಿದ್ದು ಕಡಿಮೆ.

ಈಗ ಹೊಸ ಅಂಟುಗಳಿಗೆ ಬರೋಣ. ಮಣ್ಣಿನ ಒಡವೆ, ರೇಷ್ಮೆದಾರದ ಬಳೆ, ಮಣಿಗಳ ಕಿವಿಯೋಲೆ ಮೊದಲಾದವನ್ನು ಮಾಡಿ ಮಾರುವ ಉದ್ಯೋಗವನ್ನು ಹಳ್ಳಿಯ ಹೆಣ್ಣುಮಕ್ಕಳು ಕೈಗೊಳ್ಳುತ್ತಿದ್ದಾರೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಇದನ್ನು ಕಲಿಸುತ್ತವೆ. ಅವರ ಕೈಗೆ ಸುಲಭವಾಗಿ ದೊರೆಯುವವು ಮೂರು: ಫೆವಿಕಾಲ್, ಫೆವಿಕ್ವಿಕ್, ಅರಾಲ್ಡೈಟ್. ಮೂರೂ ಅಂಟುಗಳೇ ಆದರೂ ಮೂರರ ಸ್ವಭಾವವೂ ಬೇರೆ. ಫೆವಿಕಾಲ್ ನೀರಿನಲ್ಲಿ ಬೆರೆತ ಬಿಳಿ ಅಂಟು. ಕಟ್ಟಿಗೆ, ಕಾಗದ, ನೂಲುಗಳಂಥ ನೀರು ಹೀರುವ ವಸ್ತುಗಳಿಗೆ ಒಳ್ಳೆಯದು. ಗಾಜು, ಲೋಹಗಳ ನಡುವೆ ಇಟ್ಟರೆ ನೀರು ಹೊರಹೋಗಲು ದಾರಿಯಿಲ್ಲದೆ ಹಸಿಯಾಗಿಯೇ ಉಳಿಯುತ್ತದೆ. ಬೆವರು, ಮಳೆಗೆ ಮತ್ತೆ ಮೆತ್ತಗಾಗುವ ಗುಣವೂ ಅದಕ್ಕುಂಟು.

ಫೆವಿಕ್ವಿಕ್ಕಿನ ಮೂಲದ್ರವ್ಯವು ಅಮೇರಿಕೆಯಲ್ಲಿ ಬೇರೊಂದು ಪ್ರಯೋಗದ ನಡುವೆ ದೊರೆತದ್ದು. ಗಾಳಿಯಲ್ಲಿರುವ ತೇವವೇ ಅದನ್ನು ಗಟ್ಟಿಗೊಳಿಸುತ್ತದೆ, ಕ್ಷಣದಲ್ಲಿ ಹಿಡಿಯುತ್ತದೆ. ಈ ವೇಗವೇ ಜನರನ್ನು ಮರುಳುಮಾಡಿದೆ. ಆದರೆ ಅದರ ಪದರ ಗಾಜಿನಂತೆ ಬಿರುಸು. ನೇರ ಎಳೆತವನ್ನು ತಾಳಿಕೊಂಡರೂ ಪೆಟ್ಟನ್ನು ತಾಳದು. ಕಿವಿಯೋಲೆ ಒಮ್ಮೆ ನೆಲಕ್ಕೆ ಬಿದ್ದರೆ ಹರಳು ಟಪ್ಪನೆ ಹಾರುವುದು ಇದರಿಂದಲೇ. ಹೊಳಪಿನ ಹರಳಿನ ಸುತ್ತ ಬಿಳಿಯ ಮಬ್ಬು ಕವಿಯುವುದೂ ಇದರದೇ ಲಕ್ಷಣ. ಹತ್ತಿಯ ಮೇಲೆ ಚೆಲ್ಲಿದರೆ ಕೈ ಸುಡುವಷ್ಟು ಕಾವು ಹುಟ್ಟುತ್ತದೆಂಬುದನ್ನು ಕಲಿಯುವ ಹುಡುಗಿಯರಿಗೆ ಮೊದಲೇ ತಿಳಿಸಬೇಕು.

ಹರಳು ಕೂಡಿಸಲು ಯೋಗ್ಯವಾದದ್ದು ಅರಾಲ್ಡೈಟ್ ಜಾತಿಯ ಎಪಾಕ್ಸಿ. ಎರಡು ನಳಿಕೆಗಳಿಂದ ಸಮಪ್ರಮಾಣದಲ್ಲಿ ತೆಗೆದು, ಬಣ್ಣ ಒಂದಾಗುವವರೆಗೆ ಕಲಸಿ ಹಚ್ಚಬೇಕು. ಐದು ನಿಮಿಷದಲ್ಲಿ ಹಿಡಿಯುವ ಬಗೆಗಿಂತ ರಾತ್ರಿಯಿಡೀ ಬಿಡಬೇಕಾದ ಬಗೆಯೇ ಹೆಚ್ಚು ಬಾಳಿಕೆಯದು. ನಾಳೆಯ ಸಂತೆಗೆ ಇಂದು ಸಂಜೆ ಮಾಡುವವರಿಗೆ ಇದು ರುಚಿಸದು. ಆದರೂ ಬೇರೆ ದಾರಿಯಿಲ್ಲ. ಎಣ್ಣೆ ತಾಗಿದ ಬೆರಳಿನಿಂದ ಮುಟ್ಟಿದ ಲೋಹಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಮೊದಲು ಸೋಪಿನಿಂದ ತೊಳೆದು, ಒಣಗಿಸಿ, ಅಂಟು ಹಚ್ಚುವ ಜಾಗವನ್ನಷ್ಟೇ ಉಸುಕು ಕಾಗದದಿಂದ ಉಜ್ಜಿ ಒರಟು ಮಾಡಬೇಕು. ಹಚ್ಚುವ ಅಂಟು ತೆಳುವಾಗಿರಲಿ. ಹೆಚ್ಚು ಹಚ್ಚಿದರೆ ಹೆಚ್ಚು ಹಿಡಿಯುತ್ತದೆಂಬುದು ತಪ್ಪು ತಿಳಿವಳಿಕೆ.

ಒಳ್ಳೆಯ ಅಂಟು ಕೂಡ ಎಲ್ಲ ದಿಕ್ಕಿನ ಬಲಕ್ಕೂ ಒಂದೇ ರೀತಿ ಎದುರು ನಿಲ್ಲುವುದಿಲ್ಲ. ಹಂಚಿಗೆ ಹತ್ತಿಕೊಂಡ ಜೋಳದ ರೊಟ್ಟಿಯನ್ನು ಯಾವ ಗೃಹಿಣಿಯೂ ನಡುವೆ ಹಿಡಿದು ಮೇಲಕ್ಕೆ ಎಳೆಯುವುದಿಲ್ಲ. ಅಂಚನ್ನು ಎಬ್ಬಿಸುತ್ತಾಳೆ, ಉಳಿದದ್ದು ತಾನಾಗಿ ಏಳುತ್ತದೆ. ಅಂಟಿಸಿದ ಹರಳೂ ಹಾಗೆಯೇ. ಚಪ್ಪಟೆ ತಗಡಿನ ಮೇಲೆ ಅಂಟಿಸಿದ ಹರಳಿನ ಅಂಚಿಗೆ ಸೆರಗಿನ ಎಳೆ ಸಿಕ್ಕಿಕೊಂಡರೆ ಅದು ಸುಲಿದು ಬರುತ್ತದೆ. ಅದೇ ಹರಳನ್ನು ತುಸು ಎತ್ತರದ ಕಟ್ಟೆಯಿರುವ ಕುಳಿಯಲ್ಲಿ ಕೂಡಿಸಿದರೆ ಅಂಚು ಎಳೆಗೆ ಸಿಗುವುದೇ ಇಲ್ಲ. ಬೆಂಡೋಲೆಯ ಹರಳುಗಳ ಸುತ್ತ ಲೋಹದ ಕಟ್ಟೆಯಿರುವುದು, ಕುಂದಣದ ಕೆಲಸದಲ್ಲಿ ಅಪ್ಪಟ ಬಂಗಾರದ ರೇಕನ್ನು ಹರಳಿನ ಸುತ್ತ ಒತ್ತಿ ಬಿಗಿಯುವುದು ಇದಕ್ಕಾಗಿ. ಅಲ್ಲಿ ಅರಗು ಕೆಳಗಿನ ಹಾಸಿಗೆ ಮಾತ್ರ, ಹಿಡಿದಿರುವುದು ಬಂಗಾರ. ಲಂಬಾಣಿ ತಾಂಡಾಗಳ ಹೆಂಗಸರು ಕನ್ನಡಿಯ ಬಿಲ್ಲೆಗಳನ್ನು ಅಂಟಿಸದೆ ಸುತ್ತಲೂ ದಾರದ ಚೌಕಟ್ಟು ಹೆಣೆದು ಹೊಲಿಯುವುದೂ ಇದೇ ವಿವೇಕದ ಇನ್ನೊಂದು ರೂಪ.

ಮಣ್ಣಿನ ಓಲೆಗೆ ಕೊಕ್ಕೆಯನ್ನು ಹಿಂದಿನಿಂದ ಅಂಟಿಸುವ ಪದ್ಧತಿಯನ್ನು ಬಿಡಬೇಕು. ಹಸಿಮಣ್ಣಿರುವಾಗಲೇ ತೂತು ಮಾಡಿ, ಸುಟ್ಟ ಮೇಲೆ ಅದರೊಳಗೆ ತಂತಿಯ ಕಣ್ಣು ಹಾಯಿಸಿದರೆ ಓಲೆ ಒಡೆಯುವವರೆಗೂ ಕೊಕ್ಕೆ ಬಿಡುವುದಿಲ್ಲ.

ದಾರದ ಮಾತು ಬಂದಾಗ ಪಟವೇಗಾರರನ್ನು ನೆನೆಯಬೇಕು. ರೇಷ್ಮೆಯ ಎಳೆಗಳನ್ನು ಹುರಿಮಾಡಿ, ಮೇಣ ತಿಕ್ಕಿ, ಸರಗಳನ್ನು ಪವಣಿಸಿ ಕೊಡುವುದು ಅವರ ಕುಲಕಸುಬು. ದಾರ ಹರಿಯುವುದು ಭಾರದಿಂದಲ್ಲ. ಗುಂಡಿನ ತೂತಿನ ಹರಿತವಾದ ಅಂಚು ನಿತ್ಯವೂ ಅದನ್ನು ಕೊಯ್ಯುತ್ತಿರುತ್ತದೆ. ಕರಿಮಣಿಯ ಗಾಜಿನ ಅಂಚು ಇನ್ನೂ ಹರಿತ. ಮುತ್ತುಗಳ ನಡುವೆ ಒಂದೊಂದು ಗಂಟು ಹಾಕಿದ್ದರೆ ದಾರ ಹರಿದಾಗ ಒಂದೇ ಮುತ್ತು ಹೋಗುತ್ತದೆ, ಉಳಿದವು ನಿಲ್ಲುತ್ತವೆ. ನೈಲಾನ್ ಗಟ್ಟಿಯೆಂದು ಈಗ ಅದನ್ನೇ ಬಳಸುವುದುಂಟು. ಅದು ಹಿಗ್ಗುತ್ತದೆ, ಗಂಟು ಜಾರುತ್ತದೆ. ಗಂಟಿಗೊಂದು ತೊಟ್ಟು ಅಂಟು ಹಾಕುವುದಾದರೆ ಅದು ಗಂಟನ್ನು ಕಾಯಲಿಕ್ಕೇ ಹೊರತು ಗಂಟಿಗೆ ಬದಲಾಗಿ ಅಲ್ಲ.

ಎಲ್ಲಕ್ಕಿಂತ ಎಚ್ಚರದಿಂದ ನಮ್ಮ ಜನ ನೋಡಿಕೊಂಡು ಬಂದ ದಾರವೆಂದರೆ ಶಿವದಾರ. ಇಷ್ಟಲಿಂಗದ ಮೇಲಿನ ಕಂಥೆಯ ಕಪ್ಪು ಲೇಪ ಒಳಗಿನ ಶಿಲೆಯನ್ನು ಕಾಯುತ್ತದೆ. ಕರಡಿಗೆಯ ಭಾರವನ್ನು ಹೊರುವುದು ದಾರ. ಅದು ಹರಿಯುವವರೆಗೆ ಯಾವ ಹಿರಿಯರೂ ಕಾಯುವುದಿಲ್ಲ, ಎಳೆ ಸವೆದದ್ದು ಕಂಡೊಡನೆ ಬದಲಿಸುತ್ತಾರೆ. ಗುಳದಾಳಿಯ ದಾರಕ್ಕೂ ಇದೇ ಆಸ್ಥೆ ತೋರಿಸಿದರೆ ಎಷ್ಟೋ ಬಂಗಾರ ಉಳಿದೀತು.

ಕೊಂಡಿಗಳಲ್ಲಿ ಸಣ್ಣ ಉಂಗುರಗಳೇ ಹೆಚ್ಚು ಮೋಸಮಾಡುವವು. ಅವುಗಳ ಬಾಯನ್ನು ಅಗಲಕ್ಕೆ ಹಿರಿದು ತೆರೆದರೆ ಮತ್ತೆ ಮೊದಲಿನ ದುಂಡಿಗೆ ಬರುವುದಿಲ್ಲ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹೊರಳಿಸಿ ತೆರೆಯಬೇಕು, ಹಾಗೆಯೇ ಮುಚ್ಚಬೇಕು. ಬೆಲೆಬಾಳುವ ಸರವಾದರೆ ಬಾಯನ್ನು ಬೆಸೆಯಿಸಿಬಿಡುವುದೇ ಸರಿ. ಎಸ್ ಆಕಾರದ ಕೊಕ್ಕೆ ಸರಳವಾದದ್ದು, ಆದರೆ ಸರದ ಎಳೆತ ಸಡಿಲಾದಾಗ ಜಾರುತ್ತದೆ. ತಿರುಪಿನ ಕೊಂಡಿ ಅದಕ್ಕಿಂತ ನಂಬಿಗಸ್ತ. ಓಲೆಯ ತಿರುಪಿನ ಸುರುಳಿ ಸವೆದಾಗ ಕೆಲವರು ದಾರದ ಎಳೆ ಸುತ್ತಿ ಬಿಗಿಮಾಡುತ್ತಾರೆ. ಒಂದು ದಿನದ ಮಟ್ಟಿಗೆ ಅದು ನಡೆದೀತು. ಸವೆದ ತಿರುಪನ್ನು ಬದಲಿಸಲು ತಗಲುವ ಖರ್ಚು ಓಲೆಯ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ಭಾರವಾದ ಜುಮಕಿಗೆ ಕೂದಲಿಗೆ ಸಿಕ್ಕಿಸುವ ಕಿವಿಸರಪಳಿ ಇರುವುದು ಕೇವಲ ಚೆಲುವಿಗಲ್ಲ. ಕಿವಿಯ ಹಾಲೆಯ ಭಾರವನ್ನು ಅದು ಹಂಚಿಕೊಳ್ಳುತ್ತದೆ, ತಿರುಪು ಕಳಚಿದಾಗ ಜುಮಕಿಯನ್ನು ನೆಲಕ್ಕೆ ಬೀಳಗೊಡುವುದಿಲ್ಲ.

ಬಿಗಿಯೆಂಬುದಕ್ಕೂ ಮಿತಿಯುಂಟು. ಕುಂದಗೋಳದ ಕಡೆ ಮೆಣಸಿನಕಾಯಿ ಬಿಡಿಸುವಾಗ ಯಾವ ಸರವಾದರೂ ಆದೀತು. ರಾಶಿಯ ಯಂತ್ರದ ಪಟ್ಟಿಯ ಹತ್ತಿರ ನಿಲ್ಲುವ ಹೆಂಗಸಿನ ಕೊರಳಲ್ಲಿ ಹರಿಯದ ನೈಲಾನ್ ದಾರವಿರಕೂಡದು. ಅಲ್ಲಿ ಸರ ಹರಿಯಬೇಕು, ಕೊರಳು ಉಳಿಯಬೇಕು. ಸಣ್ಣ ಮಕ್ಕಳ ಕೊರಳ ದಾರಕ್ಕೂ ಇದೇ ಮಾತು. ಹತ್ತಿಯ ನೂಲು ಅಲ್ಲಿ ತಕ್ಕದ್ದು. ಮಲಗಿಸುವಾಗ ಅದನ್ನೂ ತೆಗೆದಿಡುವ ತಾಯಂದಿರಿದ್ದಾರೆ.

ಸುಗ್ಗಿ ಮುಗಿದು ಮದುವೆಯ ದಿನಗಳು ಹತ್ತಿರ ಬಂದಾಗ ಪತ್ತಾರರ ಮನೆಯ ಮುಂದೆ ಜನ ಸೇರುತ್ತಾರೆ. ಆಗ ಹೊಸ ಒಡವೆಗಳ ಕೆಲಸದಲ್ಲಿ ಹಳೆಯವನ್ನು ನೋಡಲು ಅವರಿಗೆ ಬಿಡುವಿರುವುದಿಲ್ಲ. ಮಳೆಗಾಲದ ಬಿಡುವಿನಲ್ಲಿ, ಶ್ರಾವಣಕ್ಕೆ ಮೊದಲು, ಮನೆಯ ಒಡವೆಗಳನ್ನೆಲ್ಲ ಅರಿವೆಯ ಮೇಲೆ ಹರವಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಬೇಕು. ಸಡಿಲಾದ ಹರಳು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಿಸುತ್ತದೆ.