ಯಕೃತ್ತಿನ ಜೀವಕೋಶದ ಹೊರಮೈಯಲ್ಲಿರುವ ಒಂದು ಗ್ರಾಹಕ

ರಕ್ತದಲ್ಲಿ ಸಂಚರಿಸುವ ಪ್ರೋಟೀನುಗಳಲ್ಲಿ ತೆಗೆದುಹಾಕತಕ್ಕುದಾವುದೆಂಬುದನ್ನು ಯಕೃತ್ತು ಹೇಗೆ ಅರಿಯುತ್ತದೆ? ಈ ಪ್ರಶ್ನೆಗೆ ಒಂದು ಉತ್ತರವು ದೊರೆತುದು ಬೇರೊಂದು ವಿಷಯದ ಶೋಧನೆಯಿಂದ.

1960ರ ದಶಕದಲ್ಲಿ ಅಮೆರಿಕದ ಗಿಲ್ಬರ್ಟ್ ಆಶ್ವೆಲ್, ಅನಟೋಲ್ ಮೊರೆಲ್ ಮತ್ತು ಅವರ ಸಂಗಡಿಗರು, ತಾಮ್ರವನ್ನು ಹೊತ್ತಿರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಅಭ್ಯಸಿಸುತ್ತಿದ್ದರು. ವಿಕಿರಣಶೀಲ ಗುರುತನ್ನು ಕೂಡಿಸುವುದಕ್ಕಾಗಿ ಅದರ ಸಕ್ಕರೆ ಸರಪಣಿಗಳ ತುದಿಯ ಸಿಯಾಲಿಕ್ ಆಮ್ಲವನ್ನು ತೆಗೆದು, ಮೊಲಗಳ ರಕ್ತಕ್ಕೆ ಸೇರಿಸಿದರು. ದಿನಗಟ್ಟಲೆ ಉಳಿಯಬೇಕಾಗಿದ್ದ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮರೆಯಾಗಿ ಯಕೃತ್ತಿನಲ್ಲಿ ಕಂಡುಬಂದಿತು. ಆಮ್ಲವು ಹೋದೊಡನೆ ಬಯಲಾದ ಗ್ಯಾಲಕ್ಟೋಸ್ ಸಕ್ಕರೆಯನ್ನು ಯಕೃತ್ತು ಗುರುತಿಸುತ್ತಿದ್ದಿತು.

ಹಾಗೆ ಗುರುತಿಸುವ ಗ್ರಾಹಕಕ್ಕೆ ಇಂದು ಆಶ್ವೆಲ್–ಮೊರೆಲ್ ಗ್ರಾಹಕವೆಂದು ಹೆಸರು. ಮಾನವನಲ್ಲಿ ಅದು ಎಚ್1, ಎಚ್2 ಎಂಬ ಎರಡು ಬಗೆಯ ಘಟಕಗಳ ಕೂಟ. ಪ್ರತಿಯೊಂದು ಘಟಕದ ಗಿಡ್ಡ ಬಾಲವು ಕೋಶದೊಳಗಿರುತ್ತದೆ. ನಡುಭಾಗವು ಕೋಶಪೊರೆಯನ್ನು ಒಮ್ಮೆ ಮಾತ್ರ ಹಾಯುತ್ತದೆ. ಹೊರಗೆ ಚಾಚಿದ ಕಾಂಡದ ತುದಿಯಲ್ಲಿ ಸಕ್ಕರೆಯನ್ನು ಹಿಡಿಯುವ ತಲೆಯುಂಟು. ಕ್ಯಾಲ್ಸಿಯಂ ಇಲ್ಲದೆ ಈ ತಲೆಯು ಸಕ್ಕರೆಯನ್ನು ಹಿಡಿಯಲಾರದು. ಒಂಟಿ ಸಕ್ಕರೆಯೊಡನೆ ಹಿಡಿತವು ಸಡಿಲ. ಕವಲೊಡೆದ ಸರಪಣಿಯ ಮೂರು ತುದಿಗಳು ಒಮ್ಮೆಲೇ ಸಿಕ್ಕಿದರೆ ಅದು ಸಾವಿರಾರು ಪಟ್ಟು ಬಿಗಿಯಾಗುತ್ತದೆ. ಬಳಿಕ ಕೋಶವು ಪ್ರೋಟೀನನ್ನು ಒಳಗೆಳೆದುಕೊಂಡು ಜೀರ್ಣಿಸುತ್ತದೆ; ಗ್ರಾಹಕವು ಮೇಲ್ಮೈಗೆ ಮರಳುತ್ತದೆ.

2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗಿವೋಸಿರಾನ್ ಎಂಬ ಔಷಧವು, ಗ್ಯಾಲಕ್ಟೋಸಿಗೆ ಹತ್ತಿರದ ಸಕ್ಕರೆಯ ಮೂರು ಕವಲುಗಳನ್ನು ಧರಿಸಿ, ಇದೇ ದ್ವಾರದಿಂದ ಯಕೃತ್ತಿನ ಕೋಶಗಳನ್ನು ಹೊಗುತ್ತದೆ. ಮೊಲಗಳ ರಕ್ತದಲ್ಲಿ ಪ್ರೋಟೀನು ಉಳಿಯದುದನ್ನು ಕೇವಲ ಪ್ರಯೋಗದ ದೋಷವೆಂದು ಬದಿಗಿರಿಸಿದ್ದರೆ ಈ ದ್ವಾರವು ಅಂದು ಕಾಣುತ್ತಿರಲಿಲ್ಲ. ನಿರೀಕ್ಷೆಗೆ ಹೊಂದದ ಸಾಕ್ಷ್ಯವನ್ನೇ ಮೊದಲು ವಿಚಾರಿಸಬೇಕೆಂಬುದನ್ನು ನಾವು ಇದರಿಂದ ಕಲಿಯಬಹುದು.