ನೀಲಿ ಚೆಂಡು ಚೌಕವಾದಾಗ

2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಜಾಶಾ ಸೋಲ್-ಡಿಕ್‌ಸ್ಟೀನ್ ಮತ್ತು ಮೂವರು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಇಂದು ಮೊಬೈಲಿನಲ್ಲಿ ಹರಿದಾಡುವ ಎಐ ವಿಡಿಯೊಗಳ ಬೇರು ಅಲ್ಲಿದೆ. ಅವರು ಎತ್ತಿಕೊಂಡಿದ್ದು ಮಾತ್ರ ಉಷ್ಣಶಾಸ್ತ್ರದ ವಿಚಾರ. ಲೋಟದ ನೀರಿಗೆ ಬಿದ್ದ ಶಾಯಿಯ ಹನಿ ಹರಡುತ್ತ ಹೋಗಿ, ಕೊನೆಗೆ ಎಲ್ಲಿ ಬಿದ್ದಿತ್ತು ಎಂಬ ಗುರುತೂ ಉಳಿಯುವುದಿಲ್ಲ. ಒಂದು ಚಿತ್ರಕ್ಕೂ ಹೀಗೆಯೇ ಅಡ್ಡಾದಿಡ್ಡಿ ಚುಕ್ಕೆಗಳನ್ನು ತುಸುತುಸುವೇ ಬೆರೆಸಿ ಕೆಡಿಸುತ್ತ ಹೋಗೋಣ, ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ತಿರುಗಿಸುವುದನ್ನು ಯಂತ್ರಕ್ಕೆ ಕಲಿಸೋಣ ಎಂದರು ಅವರು. ಚೆನ್ನಾಗಿ ಕಲಿತ ಯಂತ್ರಕ್ಕೆ ಬರೀ ಚುಕ್ಕೆಗಳನ್ನು ಕೊಟ್ಟರೂ ಸಾಕು, ಯಾರೂ ಯಾವತ್ತೂ ತೆಗೆಯದ ಚಿತ್ರವೊಂದು ಹೊರಬರಬೇಕು.

ಬಂತು, ಆದರೆ ಮಸುಕಾಗಿ. ಆಗೆಲ್ಲ ಸಂಶೋಧಕರ ಗಮನ ಬೇರೆ ಕಡೆಗಿತ್ತು. ಒಂದು ಯಂತ್ರ ಚಿತ್ರ ಮಾಡುವುದು, ಇನ್ನೊಂದು ಅದು ನಕಲಿಯೇ ಎಂದು ಹಿಡಿಯುವುದು, ಹೀಗೆ ಎರಡನ್ನೂ ಎದುರುಬದುರು ನಿಲ್ಲಿಸಿ ಕಲಿಸುವ ‘ಗ್ಯಾನ್’ ವಿಧಾನದ ಕಾಲ ಅದು. 2016ರಲ್ಲಿ ಎಂಐಟಿಯ ಕಾರ್ಲ್ ವಾಂಡ್ರಿಕ್ ಅವರ ತಂಡ ಆ ದಾರಿಯಲ್ಲೇ ವಿಡಿಯೊ ಮಾಡಿ ತೋರಿಸಿತು. ಅಗಲ 64 ಪಿಕ್ಸೆಲ್, ಎತ್ತರ 64 ಪಿಕ್ಸೆಲ್, ಒಟ್ಟು 32 ಫ್ರೇಮು. ಅಲೆ ಅಲೆಯಂತೆ ಅಲುಗುತ್ತಿತ್ತು. ಮನುಷ್ಯರು ಮಾತ್ರ ಕದಡಿದ ಬಣ್ಣ.

ಚುಕ್ಕೆಗಳ ದಾರಿಗೆ ಜೀವ ಬಂದಿದ್ದು 2020ರಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದ ಜೊನಾಥನ್ ಹೋ, ಅಜಯ್ ಜೈನ್, ಪೀಟರ್ ಅಬೀಲ್ ಲೆಕ್ಕವನ್ನು ಸರಳಗೊಳಿಸಿದರು. ಚಿತ್ರ ಹೇಗಿರಬೇಕೆಂದು ಯಂತ್ರವನ್ನು ಕೇಳಬೇಡಿ. ಈಗ ಇದರಲ್ಲಿ ಬೆರೆತಿರುವ ಚುಕ್ಕೆ ಯಾವುದು ಎಂದಷ್ಟೇ ಕೇಳಿ, ಅದನ್ನು ತುಸು ಕಳೆಯಿರಿ, ಮತ್ತೆ ಕೇಳಿ. ಹೀಗೆ 1000 ಹೆಜ್ಜೆ. ಹೊರಬಂದ ಮುಖಗಳಲ್ಲಿ ಕೂದಲಿನ ಎಳೆ ಎಳೆಯೂ ಕಾಣುತ್ತಿತ್ತು.

ವಿಡಿಯೊಗೆ ಬಂದಾಗ ಬೇರೆಯೇ ತೊಡಕು. ಒಂದೊಂದು ಫ್ರೇಮನ್ನೂ ಬಿಡಿಬಿಡಿಯಾಗಿ ತಿಳಿಗೊಳಿಸಿದರೆ ಪಕ್ಕದ ಫ್ರೇಮಿಗೆ ಹೊಂದುವುದಿಲ್ಲ, ಚಿತ್ರ ಮಿಣಮಿಣ ಎನ್ನುತ್ತದೆ. 2022ರಲ್ಲಿ ಹೋ ಮತ್ತು ಗೂಗಲ್‌ನ ಸಂಗಡಿಗರು ಎಲ್ಲ ಫ್ರೇಮುಗಳನ್ನೂ ಒಟ್ಟಿಗೇ ತಿಳಿಗೊಳಿಸಿದರು. ಮೊದಲ ಫ್ರೇಮು ಹತ್ತನೆಯದನ್ನು ನೋಡುತ್ತದೆ, ಹತ್ತನೆಯದು ಮೊದಲನೆಯದನ್ನು ನೋಡುತ್ತದೆ. ಅದೇ ವರ್ಷ ಮೆಟಾ ಕಂಪನಿ ಇನ್ನೊಂದು ಉಪಾಯ ಕಂಡುಕೊಂಡಿತು: ವಸ್ತುಗಳು ಹೇಗೆ ಕಾಣುತ್ತವೆ ಎಂಬುದನ್ನು ವಿವರಣೆಯಿರುವ ಫೋಟೊಗಳಿಂದಲೂ, ಹೇಗೆ ಚಲಿಸುತ್ತವೆ ಎಂಬುದನ್ನು ಯಾವ ವಿವರಣೆಯೂ ಇಲ್ಲದ ವಿಡಿಯೊಗಳಿಂದಲೂ ಕಲಿಸಿತು. ಈ ಉಪಾಯ ನನಗೆ ಬಹಳ ಮೆಚ್ಚುಗೆ. ವಿವರಣೆ ಬರೆದ ವಿಡಿಯೊಗಳ ಕೊರತೆಯಿದ್ದರೂ ಕಲಿಕೆ ನಡೆಯಿತು.

2024ರ ಫೆಬ್ರುವರಿಯಲ್ಲಿ ಓಪನ್‌ಎಐ ಕಂಪನಿ ‘ಸೋರಾ’ ಎಂಬ ವಿಡಿಯೊ ಸಲಕರಣೆಯನ್ನು ತೋರಿಸಿತು. ಒಂದು ನಿಮಿಷದವರೆಗಿನ ವಿಡಿಯೊ. ಮಳೆಯಲ್ಲಿ ನೆನೆದ ಟೋಕಿಯೊ ರಸ್ತೆಯ ಮೇಲೆ ದೀಪಗಳ ಪ್ರತಿಬಿಂಬ. ಕಂಪ್ಯೂಟರ್ ಬಲವನ್ನು 4 ಪಟ್ಟು, 32 ಪಟ್ಟು ಹೆಚ್ಚಿಸಿದಂತೆ ಅದೇ ದೃಶ್ಯ ಹೇಗೆ ತಿಳಿಯಾಗುತ್ತ ಬಂತೆಂದೂ ಅವರು ತೋರಿಸಿದರು. ಇಂಥ ಸಲಕರಣೆಗಳು ‘ಜಗತ್ತಿನ ಸಿಮ್ಯುಲೇಟರ್’ ಆಗಬಲ್ಲವು ಎಂದೂ ಅವರು ಆಗ ಹೇಳಿದರು. ಮರುವರ್ಷ ಬೆಂಗಳೂರಿನ ನರಸಿಂಹಮೂರ್ತಿ ಸುಮಾರು 10 ಲಕ್ಷ ರೂಪಾಯಿಯಲ್ಲಿ ‘ಲವ್ ಯು’ ಎಂಬ ಇಡೀ ಕನ್ನಡ ಚಿತ್ರವನ್ನು ಎಐ ಸಲಕರಣೆಗಳಿಂದಲೇ ಮಾಡಿ, ಸೆನ್ಸಾರ್ ಪ್ರಮಾಣಪತ್ರವನ್ನೂ ಪಡೆದರು. ಹೆಚ್ಚು ದುಡ್ಡಿಲ್ಲದವನೂ ಸಿನಿಮಾ ಮಾಡಬಹುದೆಂಬುದು ಸಣ್ಣ ಸಂಗತಿಯೇನಲ್ಲ.

ಆದರೆ ಸೋರಾದ ಕೊರತೆಯನ್ನೂ ಓಪನ್‌ಎಐ ಅದನ್ನು ತೋರಿಸಿದಾಗಲೇ ಹೇಳಿಕೊಂಡಿತ್ತು. ಒಬ್ಬ ಬಿಸ್ಕತ್ತು ಕಚ್ಚುತ್ತಾನೆ, ಬಿಸ್ಕತ್ತಿನಲ್ಲಿ ಕಚ್ಚಿದ ಗುರುತೇ ಇರುವುದಿಲ್ಲ. ಇನ್ನಷ್ಟು ವಿಡಿಯೊ ಉಣಿಸಿದರೆ ಇದು ಸರಿಹೋದೀತೆ, ಅಥವಾ ಕಲಿಯುವ ಬಗೆಯಲ್ಲೇ ಏನೋ ಇದೆಯೆ? 2024ರ ಕೊನೆಗೆ ಬೈಟ್‌ಡ್ಯಾನ್ಸ್ ಕಂಪನಿಯ ಬಿಂಗ್ಯಿ ಕಾಂಗ್ ಮತ್ತು ಸಂಗಡಿಗರು ಉತ್ತರ ಹುಡುಕಿದ ರೀತಿ, ಸೋರಾದಷ್ಟೇ ದೊಡ್ಡ ಆವಿಷ್ಕಾರ ಎಂದು ನಾನು ಎಣಿಸುತ್ತೇನೆ. ಟೋಕಿಯೊ, ಮಳೆ, ಮನುಷ್ಯರು ಎಲ್ಲವನ್ನೂ ಅವರು ಪಕ್ಕಕ್ಕಿಟ್ಟರು. ಉಳಿದಿದ್ದು ಖಾಲಿ ಪರದೆ, ಅದರ ಮೇಲೆ ಚೆಂಡು, ಚೌಕ, ಶಾಲೆಯಲ್ಲಿ ಕಲಿತ ಚಲನೆಯ ನಿಯಮ.

ಯಂತ್ರದ ಕಲಿಕೆಗೆ ಕೊಟ್ಟ ವಿಡಿಯೊಗಳಲ್ಲಿ ಚೆಂಡುಗಳೆಲ್ಲ ಕೆಂಪು, ಚೌಕಗಳೆಲ್ಲ ನೀಲಿ. ಪರೀಕ್ಷೆಯಲ್ಲಿ ನೀಲಿ ಚೆಂಡು ಉರುಳುವ ಮೊದಲ ಕೆಲವು ಫ್ರೇಮು ಕೊಟ್ಟು, ಮುಂದಿನದನ್ನು ನೀನೇ ಮಾಡು ಎಂದರು. ಚೆಂಡು ತುಸು ದೂರ ಸಾಗುವಷ್ಟರಲ್ಲೇ ನೀಲಿ ಚೌಕವಾಗಿಬಿಟ್ಟಿತು! ನೀಲಿ ಎಂದರೆ ಚೌಕ ಎಂದು ಯಂತ್ರ ನೋಡಿತ್ತು, ಅದಕ್ಕೆ ಬೇರೇನೂ ಗೊತ್ತಿರಲಿಲ್ಲ. ತೀರಾ ನಿಧಾನದ ಮತ್ತು ತೀರಾ ವೇಗದ ಚೆಂಡುಗಳನ್ನಷ್ಟೇ ತೋರಿಸಿ ಮಧ್ಯಮ ವೇಗದ ಚೆಂಡು ಕೊಟ್ಟರೆ, ಅದನ್ನು ನಿಧಾನದ ಇಲ್ಲವೇ ವೇಗದ ಕಡೆಗೆ ಎಳೆದುಕೊಂಡಿತು. ಸಮವೇಗದ ನಿಯಮ ಅದರೊಳಗೆ ಇಳಿದೇ ಇರಲಿಲ್ಲ. ನೋಡಿದ ಉದಾಹರಣೆಗಳಲ್ಲಿ ಹತ್ತಿರದ್ದು ಯಾವುದು ಎಂದು ಹುಡುಕುತ್ತಿತ್ತು, ಅದರಲ್ಲೂ ಬಣ್ಣಕ್ಕೆ ಮೊದಲ ಮಣೆ, ಆಮೇಲೆ ಗಾತ್ರ, ಆಮೇಲೆ ವೇಗ, ಕೊನೆಗೆ ಆಕಾರ. ವಿಡಿಯೊಗಳ ಸಂಖ್ಯೆಯನ್ನು 30 ಲಕ್ಷಕ್ಕೆ ಏರಿಸಿದರೂ ಕಾಣದ ಪರಿಸ್ಥಿತಿಯಲ್ಲಿ ತಪ್ಪು ಇಳಿಯಲಿಲ್ಲ.

ಇಳಿದದ್ದು ಇನ್ನೊಂದು ಕಡೆ. ಕಲಿಕೆಯ ವಿಡಿಯೊಗಳಲ್ಲಿ ವಸ್ತುಗಳ ಜೋಡಣೆಯ ಮಾದರಿಗಳನ್ನು 6ರಿಂದ 60ಕ್ಕೆ ಏರಿಸಿದಾಗ, ಹೊಸ ಜೋಡಣೆಗಳಲ್ಲಿ ಎಡವಟ್ಟಾದ ವಿಡಿಯೊಗಳ ಪ್ರಮಾಣ ಶೇ 67ರಿಂದ ಶೇ 10ಕ್ಕೆ ಬಂತು. ಕಂಡದ್ದನ್ನು ಕಂಡದ್ದರ ಜೊತೆ ಬೆರೆಸುವುದರಲ್ಲಿ ಈ ಯಂತ್ರಗಳು ಗಟ್ಟಿ. ಕಣ್ಣಿಗೆ ನಿಜ ಅನ್ನಿಸುವುದೇ ಬೇರೆ, ನಿಯಮ ತಿಳಿದಿರುವುದೇ ಬೇರೆ ಎಂಬುದು 2025ರಲ್ಲಿ ಇನ್ನೂ ಸ್ಪಷ್ಟವಾಯಿತು. ಗೂಗಲ್ ಡೀಪ್‌ಮೈಂಡ್‌ನ ಸಂಶೋಧಕರೂ ಇದ್ದ ತಂಡವೊಂದು ನಿಜವಾದ ವಸ್ತುಗಳನ್ನು ಉರುಳಿಸಿ, ಬೀಳಿಸಿ, ಸುರಿದು ಚಿತ್ರೀಕರಿಸಿ, ಮುಂದೇನಾಗುತ್ತದೆ ಎಂದು ಹಲವು ಸಲಕರಣೆಗಳನ್ನು ಕೇಳಿತು. ನೋಡಲು ಹೆಚ್ಚು ನೈಜವಾದ ವಿಡಿಯೊ ಕೊಟ್ಟದ್ದು ಭೌತನಿಯಮವನ್ನೂ ಹೆಚ್ಚು ಪಾಲಿಸಿತು ಎಂದೇನೂ ಇರಲಿಲ್ಲ.

ಆಗುಂಬೆಯ ಮಳೆಯಲ್ಲಿ ರೋಬೊ ಒಂದು ಕೊಡೆ ಹಿಡಿದು ನಡೆಯುವ ದೃಶ್ಯ ಕೇಳಿದರೆ ಇಂದಿನ ಸಲಕರಣೆ ಸೊಗಸಾಗಿ ಕೊಡುತ್ತದೆ, ಕತೆಗಾರರು ಅದನ್ನು ಧಾರಾಳವಾಗಿ ಬಳಸಲಿ. ಆದರೆ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದನ್ನೋ, ಹಾವು ಕಚ್ಚಿದವರಿಗೆ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನೋ ಕಲಿಸುವ ವಿಡಿಯೊ ಬೇಕಿದ್ದರೆ, ಆ ಕೆಲಸ ಗೊತ್ತಿರುವವರ ಮುಂದೆ ಕ್ಯಾಮೆರಾ ಇಟ್ಟು ತೆಗೆಯಬೇಕು.