ಕೆಟ್ಟು ನಿಂತ ಲಾರಿಯೂ ಮನೆಯ ಲೆಕ್ಕದ ಪುಸ್ತಕವೂ

ಮೈಸೂರಿನಿಂದ ತೆಂಕಣ ದಿಕ್ಕಿಗೆ ಸುಮಾರು 60 ಕಿಲೋಮೀಟರು ಸಾಗಿದರೆ ಗುಂಡ್ಲುಪೇಟೆ ಸಿಕ್ಕುತ್ತದೆ. ಅಲ್ಲಿಂದ ದಾರಿ ಕವಲೊಡೆದು, ಒಂದು ಮದ್ದೂರು, ಮೂಲೆಹೊಳೆಗಳ ಮಾರ್ಗವಾಗಿ ಕೇರಳದ ಸುಲ್ತಾನ್ ಬತ್ತೇರಿಗೂ, ಇನ್ನೊಂದು ಬಂಡೀಪುರದ ಮಾರ್ಗವಾಗಿ ನೀಲಗಿರಿಗೂ ಹೋಗುತ್ತದೆ. ಎರಡೂ ಆನೆ ಹುಲಿಗಳ ಕಾಡನ್ನು ಹೊಕ್ಕೇ ಸಾಗಬೇಕಾದ ದಾರಿಗಳು. ಇವುಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನಗಳು ಸಂಚರಿಸಕೂಡದೆಂಬ ನಿರ್ಬಂಧವು 2009ರಲ್ಲಿ ಬಂದಿತು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರೋಗಿಗಳನ್ನು ಒಯ್ಯುವ ಗಾಡಿಗಳಂಥವಕ್ಕೂ, ಗೊತ್ತುಮಾಡಿದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ಮೂಕಪ್ರಾಣಿಗಳ ರಕ್ಷಣೆಗೆ ಇದು ಅವಶ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗುಂಡ್ಲುಪೇಟೆ, ತೆರಕಣಾಂಬಿಗಳ ಕಡೆಯಿಂದ ಕೇರಳಕ್ಕೆ ತರಕಾರಿ ಹೊರುವ ಲಾರಿಯವನ ಸಂಸಾರದಲ್ಲಿ ಗಡಿಯಾರದ ಮುಳ್ಳಿಗೆ ಅಂದಿನಿಂದ ಬೇರೆಯೇ ಬೆಲೆ ಬಂದಿತು. ಸಂಜೆ ಹೊರಡಬೇಕಾದ ಲಾರಿ ಹೊರಡದೆ ನಿಂತರೆ ಮರುದಿನ ಬೆಳಿಗ್ಗೆಯವರೆಗೆ ನಿಂತಂತೆಯೇ. ಅಷ್ಟು ಹೊತ್ತು ಟೊಮೇಟೊ ಕಾಯುವುದಿಲ್ಲ; ಆಚೆಯ ಮಂಡಿಯವನೂ ಕಾಯುವುದಿಲ್ಲ.

ನಮಗೆ ಪರಿಚಿತವಾದ ಇಂಥ ಒಂದು ಸಂಸಾರದ ವೃತ್ತಾಂತವನ್ನು ಇಲ್ಲಿ ಹೇಳಲಿದ್ದೇವೆ. ವಾಚಕರಲ್ಲಿ ಲಾರಿಯ ಒಡೆತನವುಳ್ಳವರು ಕೆಲವರೇ ಇರಬಹುದು. ಆದರೆ ಅಲುಗಿಸಿದರೆ ಕಾಯುವ, ಬಿಟ್ಟರೆ ತಣ್ಣಗಾಗುವ ಇಸ್ತ್ರಿಪೆಟ್ಟಿಗೆ ಯಾರ ಮನೆಯಲ್ಲಿಲ್ಲ? ಎರಡರ ರೋಗವೂ ಒಂದೇ ಜಾತಿಯದು.

ಆ ಮನೆಯ ಯಜಮಾನರಲ್ಲಿದ್ದುದು ಹನ್ನೆರಡು ವೋಲ್ಟಿನ ಒಂದು ಹಳೆಯ ಸಣ್ಣ ಲಾರಿ. ಸಾಲ ತೀರಿದ್ದಿತು, ಇಂಜಿನು ಗಟ್ಟಿಯಾಗಿದ್ದಿತು. ಬಂದ ಪೀಡೆಯೆಂದರೆ ಒಂದೇ: ಕೀಲಿ ತಿರುಗಿಸಿದಾಗ ಕೆಲವು ಸಲ ಇಂಜಿನು ಒಡನೆಯೇ ಎದ್ದುಕೊಳ್ಳುವುದು, ಕೆಲವು ಸಲ 'ಟಕ್' ಎಂದು ಒಂದು ಸದ್ದು ಮಾಡಿ ಸುಮ್ಮನಾಗುವುದು. ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಸದಾ ಕೆಟ್ಟಿರುವ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಮಾತ್ರ ಕೆಡುವ ಯಂತ್ರವು ಮೇಸ್ತ್ರಿಯ ಎದುರಿನಲ್ಲಿ ಸಾಧುವಾಗಿ ನಡೆದುಕೊಂಡು, ಮನೆಗೆ ಬಂದ ಮೇಲೆ ಹಳೆಯ ಚಾಳಿಯನ್ನು ತೋರಿಸುತ್ತದೆ. ವೈದ್ಯರ ಬಾಗಿಲಲ್ಲಿ ಜ್ವರ ಬಿಡುವ ಮಗುವಿನ ತಾಯಿಗೆ ಈ ಸಂಕಟ ಗೊತ್ತು.

ಮೊದಲು ಬ್ಯಾಟರಿಯ ಮೇಲೆ ಅನುಮಾನ ಬಂದು ಹೊಸದನ್ನು ಕೊಂಡರು. ಎಂಟು ದಿನ ಸರಿಯಾಗಿದ್ದಿತು. ಒಂಬತ್ತನೆಯ ದಿನ ಮತ್ತೆ 'ಟಕ್'. ಅನಂತರ ಕೀಲಿಯ ಸ್ವಿಚ್ಚು ಹೋಯಿತು. ಆಮೇಲೆ, ಲಾರಿಯವರು 'ಸೆಲ್ಫ್' ಎಂದು ಕರೆಯುವ ಸ್ಟಾರ್ಟರ್ ಮೋಟಾರನ್ನು ಬಿಚ್ಚಿಸಿ ತಂತಿ ಸುತ್ತಿಸಿದರು. ಇದಕ್ಕೆ ಒಂದು ಕಾರಣವೂ ಇದ್ದಿತು. ಕೀಲಿ ತಿರುಗಿಸುವಾಗ ಮುಂದೀಪಗಳನ್ನು ಹೊತ್ತಿಸಿ ನೋಡುವುದು ರಿಪೇರಿಯವರ ಹಳೆಯ ಪರೀಕ್ಷೆ. ದೀಪಗಳು ಮಂಕಾದರೆ ಬ್ಯಾಟರಿಯಲ್ಲೋ ಅದರ ಟರ್ಮಿನಲ್ಲಿನಲ್ಲೋ ದೋಷ; ಮಂಕಾಗದೆ 'ಟಕ್' ಎಂದರೆ ಸೆಲ್ಫಿನಲ್ಲೇ ದೋಷವೆಂದು ತಿಳಿಯುವುದು ವಾಡಿಕೆ. ಇಲ್ಲಿ ದೀಪಗಳು ಝಗಝಗಿಸುತ್ತಲೇ ಇದ್ದುವು. ಪರೀಕ್ಷೆ ಸುಳ್ಳಾಗಿರಲಿಲ್ಲ, ಆದರೆ ಅದರಿಂದ ಕಟ್ಟಿದ ತೀರ್ಮಾನ ಸುಳ್ಳಾಗಿದ್ದಿತು. ಏಕೆಂಬುದನ್ನು ಮುಂದೆ ಹೇಳುತ್ತೇವೆ. ಅಂತೂ ಮೂರು ತಿಂಗಳಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟಿದ್ದ ಹಣವೆಲ್ಲ ಲಾರಿಯ ಹೊಟ್ಟೆಗೆ ಸೇರಿತು. ಲಾರಿಯನ್ನು ಹಳೆಯ ಕಬ್ಬಿಣದ ತೂಕಕ್ಕೆ ಮಾರಿಬಿಡುವ ಮಾತೂ ಮನೆಯಲ್ಲಿ ನಡೆಯಿತು.

ಅಷ್ಟರಲ್ಲಿ ಚಾಲಕನು ತನ್ನದೇ ಉಪಾಯವನ್ನು ಕಂಡುಕೊಂಡಿದ್ದನು. ಎಲ್ಲಿ ಹೋದರೂ ಇಳಿಜಾರನ್ನು ಹುಡುಕಿ ನಿಲ್ಲಿಸುವುದು, ಹೊರಡುವಾಗ ಗಾಡಿಯನ್ನು ಉರುಳಿಬಿಟ್ಟು ಗೇರಿಗೆ ಹಾಕುವುದು. ಹಳೆಯ ಡೀಸೆಲ್ ಇಂಜಿನಿನಲ್ಲಿ ಎಣ್ಣೆಯು ಒತ್ತಡದ ಶಾಖದಿಂದಲೇ ಹೊತ್ತಿಕೊಳ್ಳುವುದರಿಂದ, ಒಮ್ಮೆ ತಿರುಗಿದರೆ ಸಾಕು, ಮತ್ತೆ ವಿದ್ಯುತ್ತಿನ ಹಂಗಿಲ್ಲ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಎಂಬಾತನು ರೂಪಿಸಿದ ವಿದ್ಯುತ್ ಸ್ಟಾರ್ಟರು ಬರುವ ಮುನ್ನ ಎಲ್ಲರೂ ಹ್ಯಾಂಡಲ್ ಹೊಡೆದೇ ಗಾಡಿ ಎಬ್ಬಿಸುತ್ತಿದ್ದರಷ್ಟೆ. ಆದರೆ ಆನೆ ಅಡ್ಡ ಬಂದು ಕಾಡಿನ ನಡುವೆ ಇಂಜಿನನ್ನು ಆರಿಸಬೇಕಾಗಿ ಬಂದರೆ ಇಳಿಜಾರು ಎಲ್ಲಿಂದ ಬರಬೇಕು? ಅಲ್ಲಿ ಇಳಿದು ತಳ್ಳುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆ ಮನೆಯ ಗೃಹಿಣಿಗೆ ರಾತ್ರಿ ನಿದ್ರೆ ಹತ್ತದಿದ್ದುದು ಹಣಕ್ಕಿಂತ ಹೆಚ್ಚಾಗಿ ಈ ಯೋಚನೆಯಿಂದ.

ರೋಗವನ್ನು ಹಿಡಿಯಲು ದಾರಿ ತೋರಿಸಿದವರೂ ಆಕೆಯೇ. ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಲಾರಿಗೊಂದು ಪುಟವನ್ನಿಟ್ಟು, ಅದು ಹೊರಡದೆ ನಿಂತ ಹೊತ್ತನ್ನು ಗಂಡನಿಂದ ಕೇಳಿ ಕೇಳಿ ಬರೆಯುತ್ತ ಬಂದಿದ್ದರು. ಬೆಳಗಿನ ಚಳಿಯಲ್ಲಿ ಅದು ಒಮ್ಮೆಯೂ ನಿಂತಿರಲಿಲ್ಲ. ನಿಂತುದೆಲ್ಲ ದೂರ ಓಡಿ ಬಂದು, ಸ್ವಲ್ಪ ಹೊತ್ತು ಆರಿಸಿ, ಮತ್ತೆ ಎಬ್ಬಿಸುವಾಗಲೇ. ಬ್ಯಾಟರಿಯ ಬಲ ಚಳಿಯಲ್ಲಿ ಕುಗ್ಗುತ್ತದೆಯೇ ಹೊರತು ಬಿಸಿಯಲ್ಲಲ್ಲ. ಈ ಪುಟವನ್ನು ಮೊದಲೇ ನೋಡಿದ್ದರೆ ಬ್ಯಾಟರಿಯ ಹಣವಾದರೂ ಉಳಿಯುತ್ತಿತ್ತು.

ಬೇಗೂರಿನ ಕಡೆಯ ಒಬ್ಬ ಮುದುಕ ಮೇಸ್ತ್ರಿಗಳನ್ನು ಆ ಭಾನುವಾರ ಕರೆಸಿದ್ದರು, ನಾವೂ ಅಲ್ಲಿದ್ದೆವು. ಅವರು ಲಾರಿಯನ್ನು ಮುಟ್ಟುವ ಮೊದಲು ಆ ಪುಟವನ್ನು ಓದಿಸಿಕೊಂಡರು. ನಡುವೆ ಗೃಹಿಣಿ, "ಇದೊಂದು ಬೇರೆ ಖರ್ಚು ಸ್ವಾಮಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಕ್ಸಿಲೇಟರ್ ಕೇಬಲ್ಲು, ವರ್ಷದಲ್ಲಿ ಎರಡು ಸಲ," ಎಂದರು. ಮೇಸ್ತ್ರಿಗಳು ತಲೆಯೆತ್ತಿ, "ಇನ್ನೊಂದು ಸಲ ಹೇಳಿ ತಾಯಿ," ಎಂದರು. ಕೇಬಲ್ಲು ತುಂಡಾಗಿದ್ದಿತೆ, ಸುಟ್ಟಿದ್ದಿತೆ ಎಂದು ವಿಚಾರಿಸಿದರು. ಒಳಗಿನ ಪ್ಲಾಸ್ಟಿಕ್ಕು ಕರಗಿ ತಂತಿ ಹಿಡಿದುಕೊಂಡಿದ್ದಿತೆಂದು ಯಜಮಾನರು ಜ್ಞಾಪಿಸಿಕೊಂಡರು. ಮುದುಕರು ನಕ್ಕು ಲಾರಿಯ ಕಡೆಗೆ ಎದ್ದರು.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ದಪ್ಪ ಕೇಬಲ್ಲಿನ ಮೂಲಕ ಸೆಲ್ಫಿಗೆ ಹೋಗುತ್ತದೆ. ಅದು ಹಿಂದಿರುಗಿ ಬ್ಯಾಟರಿಯನ್ನು ಸೇರಿದರೆ ಮಾತ್ರ ಕೆಲಸ ನಡೆಯುತ್ತದೆ. ಹಿಂದಿರುಗುವ ದಾರಿಗೆ ಬೇರೆ ತಂತಿಯಿಲ್ಲ; ಇಂಜಿನಿನ ಮೈ, ಚಾಸಿಯ ಕಬ್ಬಿಣ ಇವೇ ದಾರಿ. ಇದಕ್ಕೆ 'ಅರ್ತ್' ಎಂದು ಹೆಸರು. ಆದರೆ ಇಂಜಿನು ಚಾಸಿಯ ಮೇಲೆ ನೇರವಾಗಿ ಕುಳಿತಿಲ್ಲ, ರಬ್ಬರಿನ ದಿಂಡುಗಳ ಮೇಲೆ ಕುಳಿತಿದೆ. ರಬ್ಬರು ವಿದ್ಯುತ್ತನ್ನು ಬಿಡುವುದಿಲ್ಲ. ಆದುದರಿಂದ ಹೆಣೆದ ತಾಮ್ರದ ಒಂದು ಪಟ್ಟಿಯಿಂದ ಎರಡನ್ನೂ ಜೋಡಿಸಿರುತ್ತಾರೆ. ಕೆಸರು, ಎಣ್ಣೆ, ತುಕ್ಕುಗಳ ನಡುವೆ ಯಾರ ಕಣ್ಣಿಗೂ ಬೀಳದ ವಸ್ತು ಇದು. ಇದರ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ, ಬಂದ ವಿದ್ಯುತ್ತು ಸಿಕ್ಕಿದ ಕಳ್ಳದಾರಿಯನ್ನು ಹಿಡಿಯುತ್ತದೆ. ಇಂಜಿನಿಗೂ ಬಾಡಿಗೂ ನಡುವೆ ಕಬ್ಬಿಣದ ಸಂಬಂಧವುಳ್ಳ ಇನ್ನೊಂದು ವಸ್ತು ಎಕ್ಸಿಲೇಟರ್ ಕೇಬಲ್ಲು! ಅಕ್ಕಿಮೂಟೆಯನ್ನು ಮಗುವಿನ ತಲೆಯ ಮೇಲೆ ಹೊರಿಸಿದಂತೆ ಅಷ್ಟು ವಿದ್ಯುತ್ತು ಆ ಸಣ್ಣ ತಂತಿಯ ಮೇಲೆ ಬಿದ್ದು ಅದು ಬೆಂದುಹೋಗುತ್ತಿದ್ದಿತು.

ಮುಂದೀಪಗಳ ಅರ್ತು ಬಾಡಿಗೆ ಸೇರಿದುದೇ ಹೊರತು ಇಂಜಿನಿಗಲ್ಲ. ಆದುದರಿಂದಲೇ ಅವು ಮಂಕಾಗದೆ ಉರಿದು ಎಲ್ಲರನ್ನೂ ದಾರಿ ತಪ್ಪಿಸಿದುವು.

ತುಕ್ಕಿನ ಒಂದು ಪದರ ಇಷ್ಟು ಕೆಲಸ ಮಾಡೀತೆ ಎಂದು ಕೇಳಬಹುದು. ಸೆಲ್ಫು ತಿರುಗುವಾಗ ನೂರಾರು ಆಂಪಿಯರು ಹರಿಯುತ್ತದೆ. 300 ಆಂಪಿಯರು ಎಂದಿಟ್ಟುಕೊಂಡರೆ, ದಾರಿಯಲ್ಲಿ ಓಮಿನ ನೂರನೆಯ ಒಂದು ಪಾಲು ತಡೆ ಇದ್ದರೂ 3 ವೋಲ್ಟು ಅಲ್ಲೇ ನಷ್ಟವಾಗುತ್ತದೆ. 900 ವಾಟಿನ ಶಾಖ ಆ ಜಾಗದಲ್ಲೇ ಹುಟ್ಟುತ್ತದೆ. ಇಸ್ತ್ರಿಪೆಟ್ಟಿಗೆಯ ಶಾಖ ಒಂದು ಬೋಲ್ಟಿನ ಅಡಿಯಲ್ಲಿ! ಬಿಸಿಯಾದಾಗ ತೊಂದರೆ ಹೆಚ್ಚುವುದಕ್ಕೂ ಕಾರಣವುಂಟು: ತಾಮ್ರದ ತಡೆ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಶೇಕಡಾ 0.4ರಷ್ಟು ಏರುತ್ತದೆ. ಸೆಲ್ಫಿನ ಮೈ 60 ಡಿಗ್ರಿ ಹೆಚ್ಚು ಕಾದಿದ್ದರೆ ಅದರ ಸುರುಳಿಯ ತಡೆ ಸುಮಾರು ಕಾಲು ಭಾಗ ಏರಿದಂತಾಯಿತು. ತಣ್ಣಗಿರುವಾಗ ಹೇಗೋ ಸಾಲುತ್ತಿದ್ದ ವೋಲ್ಟು ಆಗ ಸಾಲದೆ ಹೋಗುತ್ತದೆ.

ಮೇಸ್ತ್ರಿಗಳು ಲಾರಿಯನ್ನು ಹತ್ತಾರು ಕಿಲೋಮೀಟರು ಓಡಿಸಿ ತರಿಸಿದರು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಇಂಜಿನಿನ ಬರಿಯ ಲೋಹಕ್ಕೂ ಒತ್ತಿಹಿಡಿದು, ಕೀಲಿ ತಿರುಗಿಸಹೇಳಿದರು. ಸರಿಯಾದ ಗಾಡಿಯಲ್ಲಿ ಈ ಎರಡು ಜಾಗಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಕೂಡದು. ಕಂಡುದು ನಾಲ್ಕೂವರೆ! ಇನ್ನೊಂದು ಮೊನೆಯನ್ನು ಚಾಸಿಗೆ ಹಿಡಿದು ನೋಡಿದರೆ ಏನೇನೂ ಇಲ್ಲ. ಹಾಗಾದರೆ ಕಳ್ಳನಿರುವುದು ಚಾಸಿಗೂ ಇಂಜಿನಿಗೂ ನಡುವೆಯೇ. ದಪ್ಪ ಜಂಪರ್ ಕೇಬಲ್ಲೊಂದನ್ನು ಬ್ಯಾಟರಿಯ ಋಣ ಕಂಬದಿಂದ ನೇರವಾಗಿ ಇಂಜಿನಿಗೆ ಕಚ್ಚಿಸಿ ಕೀಲಿ ತಿರುಗಿಸಿದಾಗ ಇಂಜಿನು ಒಂದೇ ಉಸಿರಿಗೆ ಎದ್ದಿತು.

ಈ ಪರೀಕ್ಷೆಯನ್ನು ಕೀಲಿ ತಿರುಗಿಸಿ ಹಿಡಿದಿರುವಾಗಲೇ ಮಾಡಬೇಕು. ಸುಮ್ಮನಿರುವ ಗಾಡಿಯಲ್ಲಿ ಮಾಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೋಟದ ಪೈಪಿನಲ್ಲಿ ಮಣ್ಣು ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ಣವಾಗಿರುತ್ತದೆ; ನೀರು ಬಿಟ್ಟಾಗ ತಾನೇ ಅದರ ಬಣ್ಣ ಹೊರಬೀಳುವುದು? ಬ್ಯಾಟರಿಯ ಧನ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೆಯೇ ಅಳೆಯಬಹುದು. ಸೆಲ್ಫು ತಿರುಗುತ್ತಿರುವಾಗ ಹನ್ನೆರಡು ವೋಲ್ಟಿನ ಬ್ಯಾಟರಿಯು 9.6ಕ್ಕಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿಯನ್ನು ಶಂಕಿಸತಕ್ಕದ್ದು. ಕೀಲಿ ತಿರುಗಿಸಿದಾಗ 'ಟಕ್' ಎಂಬ ಸದ್ದೂ ಇಲ್ಲದಿದ್ದರೆ ಕೀಲಿಯಿಂದ ಬರುವ ಸಣ್ಣ ತಂತಿಯನ್ನೂ, ಪಟಪಟನೆ ಬಡಿದರೆ ಬ್ಯಾಟರಿಯನ್ನೂ ಅದರ ಟರ್ಮಿನಲ್ಲುಗಳನ್ನೂ ಮೊದಲು ನೋಡಬೇಕು.

ಇನ್ನು ಸ್ಪ್ಯಾನರನ್ನು ಸೆಲ್ಫಿನ ಬೋಲ್ಟುಗಳಿಗೆ ಅಡ್ಡ ತಾಗಿಸಿ ಕಿಡಿ ಹಾರಿಸಿ ಎಬ್ಬಿಸುವವರನ್ನು ಹೆದ್ದಾರಿಯಲ್ಲಿ ನಾವು ಕಂಡಿದ್ದೇವೆ. ಗಾಡಿ ಗೇರಿನಲ್ಲಿದ್ದರೆ ಅದು ನೆಗೆದು, ಪಕ್ಕದಲ್ಲಿ ಬಾಗಿ ಕುಳಿತವನ ಮೇಲೆಯೇ ಹಾಯುವುದು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಒಂದು ಕಿಡಿ, ಒಂದು ಬೀಡಿ ಸಾಕು. ಮನೆಯವರು ಇದನ್ನು ಗದರಿಸಿಯಾದರೂ ಬಿಡಿಸಬೇಕು. ಟರ್ಮಿನಲ್ಲುಗಳ ಬಿಳಿ ಹಸಿರು ಪುಡಿಯನ್ನು ತೊಳೆಯುವುದಾದರೆ ಋಣದ ಕೇಬಲ್ಲನ್ನು ಮೊದಲು ಬಿಚ್ಚಿ ಕಡೆಗೆ ಹಾಕುವುದು. ಬಿಸಿನೀರಿಗೆ ಅಡುಗೆ ಸೋಡ ಕಲಸಿ ತೊಳೆದರೆ ಆಯಿತು. ಬ್ಯಾಟರಿಯ ಬಿರಡೆಗಳು ಭದ್ರವಾಗಿರಲಿ, ಸೋಡ ಒಳಗಿಳಿಯಬಾರದು. ಒಣಗಿದ ಮೇಲೆ ಕೇಬಲ್ಲುಗಳನ್ನು ಬಿಗಿದು ವ್ಯಾಸಲೀನು ಸವರುವುದು.

ಆ ದಿನ ಹಳೆಯ ಪಟ್ಟಿಯನ್ನು ಬಿಚ್ಚಿದಾಗ ಅದರ ಅರ್ಧ ಎಳೆಗಳು ಕೈಯಲ್ಲೇ ಪುಡಿಯಾದುವು. ಮೇಸ್ತ್ರಿಗಳು ಎರಡು ಕಡೆಯೂ ಬಣ್ಣವನ್ನೂ ತುಕ್ಕನ್ನೂ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಹೊಸ ಪಟ್ಟಿಯನ್ನು ಬಿಗಿದರು. ಮತ್ತೆ ಅಳೆದಾಗ ಮೀಟರು ಕಾಲು ವೋಲ್ಟನ್ನೂ ಮುಟ್ಟಲಿಲ್ಲ. ಗೃಹಿಣಿ ಪುಸ್ತಕವನ್ನು ತಂದು, ಅರ್ತಿನ ಪಟ್ಟಿ ಒಂದು, ಬೋಲ್ಟು ಎರಡು, ಉಪ್ಪುಕಾಗದ ಒಂದು ಎಂದು ಬರೆದುಕೊಂಡರು. ಒಟ್ಟು ಮೊತ್ತವು ಹಿಂದೆ ಕೊಂಡಿದ್ದ ಒಂದು ಎಕ್ಸಿಲೇಟರ್ ಕೇಬಲ್ಲಿನ ಬೆಲೆಯಷ್ಟೂ ಆಗಲಿಲ್ಲ. ಮೇಸ್ತ್ರಿಗಳು ಊಟಕ್ಕೆ ಕುಳಿತಾಗ ಯಜಮಾನರು ಲಾರಿಯನ್ನು ಹೊರತೆಗೆದು ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು ಇಂಜಿನು ಆರಿಸಿದರು, ಮತ್ತೆ ಎಬ್ಬಿಸಿದರು, ಮತ್ತೆ ಆರಿಸಿದರು. "ಸಾಕು ಬನ್ನಿ, ಎಲೆ ಹಾಕಿದೀನಿ," ಎಂದು ಒಳಗಿನಿಂದ ಕೂಗಬೇಕಾಯಿತು.